ದೇವನಹಳ್ಳಿಯ ಚಳಿಗಾಲ ಮತ್ತು ಮಹಡಿಯ ಮೇಲಿನ ಬೂದು ಪುಡಿ

ಪ್ರಶ್ನೆ: ನಾನು ಮೂವತ್ತು ವರ್ಷಗಳಿಂದ ದೇವನಹಳ್ಳಿಯಲ್ಲಿರುವ ನಿವೃತ್ತ ಶಿಕ್ಷಕಿ. ಕಾರ್ತೀಕ ಮಾಸ ಕಳೆಯುತ್ತಿದ್ದಂತೆ ಗಂಟಲು ಕೆರೆತ, ಒಣಕೆಮ್ಮು ಶುರುವಾಗಿ, ಯುಗಾದಿಯ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಮಹಡಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಬೂದು ಪುಡಿ ಕೂರುತ್ತದೆ. ಇದು ವಿಮಾನದ ಹೊಗೆ ಎನ್ನುತ್ತಾರೆ ನೆರೆಯವರು. ನಿಜವೇ? ಬೆಳಗಿನ ನಡಿಗೆಯನ್ನು ಬಿಡಬೇಕೇ?
— ಓದುಗರೊಬ್ಬರು, ದೇವನಹಳ್ಳಿ

ಉತ್ತರ: ಆ ಪುಡಿಯನ್ನು ಮೊದಲು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ. ಮರಳಿನಂತೆ ತರಿತರಿಯಾಗಿದ್ದರೆ ಅದು ಮಣ್ಣು ಮತ್ತು ಕಲ್ಲಿನ ಪುಡಿ. ವಿಮಾನದ ಎಂಜಿನ್ನಿನಿಂದ ಹೊರಬರುವ ಮಸಿಯ ಕಣಗಳು ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗ) ಹತ್ತನೆಯ ಒಂದು ಭಾಗಕ್ಕಿಂತಲೂ ಚಿಕ್ಕವು. ಅವು ಗಾಳಿಯಲ್ಲಿ ತೇಲುತ್ತವೆಯೇ ಹೊರತು ಕಣ್ಣಿಗೆ ಕಾಣುವಂತೆ ಬಟ್ಟೆಯ ಮೇಲೆ ಕೂರುವುದಿಲ್ಲ. ಕಾಣುವ ಧೂಳಿನ ಮೂಲ ನೆಲದಲ್ಲೇ ಇದೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ದ್ರಾಕ್ಷಿ, ಚಕ್ಕೋತದ ತೋಟಗಳಿದ್ದ ಎಷ್ಟೋ ಭೂಮಿ ಬಡಾವಣೆಯಾಗಿ, ಹಸಿರು ಹೊದಿಕೆಯಿಲ್ಲದ ಬರಿನೆಲವಾಗಿ ಬಿದ್ದಿದೆ. ಹೆದ್ದಾರಿಯಲ್ಲಿ ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರುಗಳು ಟಾರ್ಪಾಲಿನ್ ಹೊದೆಯದೆ ಓಡುತ್ತವೆ. ಆ ಅರ್ಥದಲ್ಲಿ ನಿಮ್ಮ ನೆರೆಯವರ ಮಾತು ಪೂರ್ತಿ ಸುಳ್ಳಲ್ಲ: ಧೂಳು ವಿಮಾನದ್ದಲ್ಲದಿದ್ದರೂ ವಿಮಾನ ನಿಲ್ದಾಣವನ್ನು ಹಿಂಬಾಲಿಸಿ ಬಂದದ್ದು.

ಚಳಿಗಾಲದಲ್ಲೇ ತೊಂದರೆ ಹೆಚ್ಚಲು ಕಾರಣ ಬೇರೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ಅದನ್ನು ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಗೆ ತಟ್ಟೆ ಮುಚ್ಚಿದಂತೆ ಕುಳಿತು, ಸಂಜೆ ಕಸಕ್ಕೆ ಹಚ್ಚಿದ ಬೆಂಕಿ, ಲಾರಿಗಳ ಡೀಸೆಲ್ ಹೊಗೆ, ಕಾರ್ಮಿಕರ ಶೆಡ್ಡುಗಳ ಸೌದೆ ಒಲೆಯ ಹೊಗೆ, ಎಲ್ಲವನ್ನೂ ಬೆಳಗಿನವರೆಗೆ ಕೆಳಗೇ ಹಿಡಿದಿಡುತ್ತದೆ. ಮುಂಜಾನೆ ನಂದಿಬೆಟ್ಟದ ಮೇಲೆ ನಿಂತು ಮೋಡದ ಕಡಲಿನ ಚಿತ್ರ ತೆಗೆಯುವವರು ಈ ಮುಚ್ಚಳದ ಕೆಳಗೆ ಸಿಕ್ಕಿಬಿದ್ದ ಮಂಜನ್ನೇ ಮೇಲಿನಿಂದ ನೋಡುತ್ತಿರುತ್ತಾರೆ. ಮಂಜು ತಾನಾಗಿ ಮಾಲಿನ್ಯವಲ್ಲವಾದರೂ ಅದರ ಹನಿಗಳು ಕಟ್ಟುವುದು ಗಾಳಿಯಲ್ಲಿರುವ ಸೂಕ್ಷ್ಮ ಕಣಗಳ ಮೇಲೆಯೇ. ಬೇಸಗೆಯ ಬಿಸಿಲಿಗೆ ಗಾಳಿ ಮೇಲೇರಿ ಬೆರೆಯುವುದರಿಂದ ಧೂಳು ಎದ್ದರೂ ಹೊಗೆ ಚದುರುತ್ತದೆ. ಜೂನ್ ನಂತರ ಪಶ್ಚಿಮದ ಗಾಳಿ ಮತ್ತು ಮಳೆ ಉಳಿದದ್ದನ್ನು ತೊಳೆಯುತ್ತವೆ. ನಿಮ್ಮ ಕೆಮ್ಮಿನ ಪಂಚಾಂಗ ಇದಕ್ಕೆ ಹೊಂದುತ್ತದೆ. ಹಾಗೆಂದು ಅದನ್ನು ಋತುವಿನ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಪ್ರತಿ ವರ್ಷ ಮರುಕಳಿಸುವ ಒಣಕೆಮ್ಮು ಅಸ್ತಮಾ ಇದ್ದೀತು, ವೈದ್ಯರಿಗೆ ತೋರಿಸಿ.

ಹಾಗಾದರೆ ವಿಮಾನಗಳು ನಿರಪರಾಧಿಗಳೇ? ಅಲ್ಲ. ನಿಲ್ದಾಣಗಳಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಹಲವು ಕಿಲೋಮೀಟರುಗಳವರೆಗೆ ಅತಿಸೂಕ್ಷ್ಮ ಕಣಗಳ ಸಂಖ್ಯೆ ಏರಿರುವುದು ಲಾಸ್ ಏಂಜಲೀಸಿನಂಥ ನಗರಗಳ ಅಳತೆಗಳಲ್ಲಿ ಕಂಡುಬಂದಿದೆ. ನಮ್ಮ ಮಾನದಂಡಗಳು ಕಣಗಳನ್ನು ಎಣಿಸುವುದಿಲ್ಲ, ತೂಗುತ್ತವೆ; ತೂಕವೇ ಇಲ್ಲದಷ್ಟು ಸಣ್ಣ ಕಣಗಳು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ಆದರೆ ನಿಮ್ಮ ಪಟ್ಟಣವಿರುವುದು ನಿಲ್ದಾಣದ ಉತ್ತರಕ್ಕೆ. ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬರುವುದರಿಂದ ಆ ಹೊಗೆ ನಿಮ್ಮಿಂದ ದೂರ ಸಾಗುತ್ತದೆ. ತೆಂಕಣ ಗಾಳಿ ಬೀಸಿದ ದಿನ ಸೀಮೆಎಣ್ಣೆಯಂಥ ವಾಸನೆ ಬಂದರೆ, ಅದು ವಿಮಾನದ ಇಂಧನದ್ದೇ ಇರಬಹುದು. ಆ ಇಂಧನ ಸೀಮೆಎಣ್ಣೆಯ ಜಾತಿಯದು.

ನಡಿಗೆಯನ್ನು ಬಿಡಬೇಡಿ, ಹೊತ್ತನ್ನು ಬದಲಿಸಿ. ಬಿಸಿಲೇರಿ ಮಂಜು ಕರಗಿದ ಮೇಲೆ, ಒಂಬತ್ತರ ಆಸುಪಾಸಿನಲ್ಲಿ, ಹೆದ್ದಾರಿಯಿಂದ ದೂರದ ದಾರಿಯಲ್ಲಿ ನಡೆಯಿರಿ. ಧನುರ್ಮಾಸದ ಪೂಜೆಗೆ ನಸುಕಿನಲ್ಲಿ ಹೊರಡಲೇಬೇಕಾದರೆ ಮೂಗು ಬಾಯಿಗೆ ಬಿಗಿಯಾಗಿ ಕೂರುವ ಎನ್95 ಮುಖಗವಸು ಧರಿಸಿ. ಸೆರಗು ಮುಚ್ಚಿಕೊಂಡರೆ ಸೂಕ್ಷ್ಮ ಕಣ ನಿಲ್ಲುವುದಿಲ್ಲ. ಮನೆಯ ಕಿಟಕಿಗಳನ್ನು ನಸುಕಿಗಿಂತ ಮಧ್ಯಾಹ್ನ ತೆರೆಯುವುದು ಲೇಸು.

ಪ್ರಶ್ನೆ: ಒಂದೇ ಬೆಳಗ್ಗೆ ನನ್ನ ಮೊಬೈಲಿನ ಒಂದು ಆ್ಯಪ್ ವಾಯು ಗುಣಮಟ್ಟ ಸೂಚ್ಯಂಕ 100 ಎಂದರೆ ಮತ್ತೊಂದು 150ಕ್ಕೂ ಹೆಚ್ಚು ಎನ್ನುತ್ತದೆ. ಯಾವುದನ್ನು ನಂಬಬೇಕು?
— ಓದುಗರೊಬ್ಬರು, ವಿಜಯಪುರ (ದೇವನಹಳ್ಳಿ ತಾಲ್ಲೂಕು)

ಉತ್ತರ: ಎರಡೂ ಸರಿಯಿರಬಹುದು. ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಕಣಗಳು (ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು) 60 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕ ಅದನ್ನು 100 ಎಂದು ಬರೆದು ‘ತೃಪ್ತಿಕರ’ ಎನ್ನುತ್ತದೆ. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 150ನ್ನು ದಾಟಿ ‘ಅನಾರೋಗ್ಯಕರ’ವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿಗೆ ಹಾಕಿದ ಮಿತಿ ಕೇವಲ 15. ಆದ್ದರಿಂದ ಆ್ಯಪಿನ ಬಣ್ಣವನ್ನೂ ಸೂಚ್ಯಂಕದ ಅಂಕಿಯನ್ನೂ ಬಿಟ್ಟು ಮೈಕ್ರೋಗ್ರಾಂ ಲೆಕ್ಕವನ್ನು ನೋಡಿ. ಇನ್ನೊಂದು ಮಾತು: ಅಗ್ಗದ ಮಾಪಕಗಳು ಮಂಜಿನಲ್ಲಿ ಉಬ್ಬಿದ ಕಣಗಳನ್ನು ಕಂಡು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಹಾಗಾಗಿ ಮಂಜು ಕವಿದ ಆರು ಗಂಟೆಯ ಅಂಕಿಯೊಂದನ್ನೇ ಹಿಡಿಯದೆ, ಹತ್ತು ಗಂಟೆಯದನ್ನೂ ಅದರ ಪಕ್ಕದಲ್ಲಿಟ್ಟು ನೋಡಿ.