ಆ ಸಾಲಿನ 'ಟೆನೆಟ್' ಲ್ಯಾಟಿನ್ ಅಲ್ಲ

ಇಂಗ್ಲೆಂಡಿನ 1381ರ ರೈತ ದಂಗೆಯ ಇಂಗ್ಲಿಷ್-ಲ್ಯಾಟಿನ್ ಪದ್ಯದಲ್ಲಿ 'ಟ್ಯಾಕ್ಸ್ ಹ್ಯಾಸ್ ಟೆನೆಟ್ ಅಸ್ ಅಲ್ಲೆ' ಎಂಬ ಮೊದಲ ಸಾಲಿಗೆ 'ತೆರಿಗೆ ಹಿಡಿದಿದೆ' ಎಂದು ಅರ್ಥ ಮಾಡಿದರೆ ಯಾಕೆ ಕೂಡುತ್ತಿಲ್ಲ ಎಂದು ಕೇಳಿದ್ದೀರಿ. ಲ್ಯಾಟಿನ್‌ನಲ್ಲಿ 'ಟೆನೆಟ್' ಅಂದರೆ 'ಹಿಡಿಯುತ್ತದೆ', ನಿಜ. ಆದರೆ ಇಲ್ಲಿರುವುದು 'ಟೆನೆನ್' ಎಂಬ ಮಧ್ಯಕಾಲೀನ ಇಂಗ್ಲಿಷ್ ಕ್ರಿಯಾಪದ: ಕಾಡು, ನೋಯಿಸು. ಕೊನೆಯ 'ಎಡ್' ಅನ್ನು 'ಎಟ್' ಎಂದು ಬರೆದಿದ್ದಾರೆ, ಅಷ್ಟೆ. 'ತೆರಿಗೆ ನಮ್ಮೆಲ್ಲರನ್ನೂ ಹಿಂಡಿದೆ' ಎಂದು ಓದಿ.

ಈ ಪದ್ಯದಲ್ಲಿ ಭಾಷೆ ಬದಲಾಗುವುದು ಸಾಲಿಗೊಮ್ಮೆ. ಆದ್ದರಿಂದ ಮೊದಲು ಪ್ರಾಸ ನೋಡಿ: 'ಅಲ್ಲೆ'ಗೆ 'ಸ್ಮಾಲ್ಲೆ', 'ವಲಿದೋರುಮ್'ಗೆ 'ಕುಪಿದೋರುಮ್'. ಇಂಗ್ಲಿಷ್ ಇಂಗ್ಲಿಷಿಗೆ, ಲ್ಯಾಟಿನ್ ಲ್ಯಾಟಿನ್‌ಗೆ ಸೇರುತ್ತದೆ.

ಎರಡನೇ ಸಾಲು 'ಪ್ರೊಬತ್ ಹೊಕ್ ಮೊರ್ಸ್ ತೊತ್ ವಲಿದೋರುಮ್'. ಇದನ್ನು ಪದಗಳ ಕ್ರಮದಲ್ಲಿ ಬಿಡಿಸಲು ಹೋದರೆ ಎಡವುತ್ತೀರಿ; ಕನ್ನಡದ ಹಾಗೆ ವಿಭಕ್ತಿ ಹಿಡಿದು ಹೋಗಿ. 'ಮೊರ್ಸ್' (ಸಾವು) ಕರ್ತೃ, 'ಹೊಕ್' (ಇದನ್ನು) ಕರ್ಮ, '-ಓರುಮ್' ಷಷ್ಠೀ ಬಹುವಚನ: 'ಇಷ್ಟೊಂದು ಬಲಶಾಲಿಗಳ ಸಾವೇ ಇದಕ್ಕೆ ಸಾಕ್ಷಿ'. ಆ ಜೂನ್‌ನಲ್ಲಿ ರಾಜನ ಚಾನ್ಸಲರ್ ಸೈಮನ್ ಸಡ್ಬರಿ, ಖಜಾಂಚಿ ರಾಬರ್ಟ್ ಹೇಲ್ಸ್ ಇಬ್ಬರ ತಲೆಯೂ ದಂಗೆಕೋರರ ಕೈಯಲ್ಲಿ ಉರುಳಿತ್ತು.

ಮುಂದಿನೆರಡು ಸಾಲು ಸುಲಭ: ರಾಜನಿಗೆ ಆ ತೆರಿಗೆಯಲ್ಲಿ ಸಿಕ್ಕಿದ್ದು ಸ್ವಲ್ಪ, ಉಳಿದದ್ದು ದುರಾಸೆಯವರ ಕೈಯಲ್ಲಿತ್ತು. ಆಗ 2ನೇ ರಿಚರ್ಡ್‌ಗೆ 14 ವರ್ಷ. ತಲೆಗಂದಾಯ 1377ರಲ್ಲಿ 4 ಪೆನ್ಸ್ ಇದ್ದದ್ದು 12ಕ್ಕೆ ಏರಿತ್ತು. ರಾಜನನ್ನು ಬಿಟ್ಟು ಸುತ್ತಲಿನವರನ್ನು ದೂರುವ ಈ ಜಾಣತನವೇ ನನಗೆ ಪದ್ಯದ ಜೀವಾಳ ಅನ್ನಿಸುತ್ತದೆ.