ಪಾಡ್‌ಕಾಸ್ಟ್ ಕೇಳಿದ್ದು ಸಾಕು, ಪುಸ್ತಕ ತೆಗೀರಿ

ಪ್ರಶ್ನೆ: ಮೇಡಂ, ದಿನಾ ಬೇಲೂರಿಂದ ಹಾಸನಕ್ಕೆ ಬಸ್ಸಲ್ಲಿ ಬರುವಾಗ ಸ್ಫೂರ್ತಿ ತುಂಬುವ ಪಾಡ್‌ಕಾಸ್ಟ್ ಕೇಳುತ್ತೇನೆ. ಬಸ್ಸಿಳಿಯುವಾಗ ಹುಮ್ಮಸ್ಸು ಇರುತ್ತೆ, ಮಧ್ಯಾಹ್ನಕ್ಕೆ ಇರೋದಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದೋಕೂ ಆಗ್ತಿಲ್ಲ. ಒಳ್ಳೆಯದು ಯಾವುದು ಹೇಳಿ.

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ, ಎಲ್ಲರಿಗೂ ಬೇಕಿರೋದು ಇನ್ನೊಂದು ಹೆಸರು. ನಾನು ಹೆಸರು ಕೊಡೋದಿಲ್ಲ. ನೀವು ಕೇಳೋದು ಈಗಲೇ ಜಾಸ್ತಿಯಾಗಿದೆ. ಒಂದು ಗಂಟೆ ಕೇಳಿದರೆ ಓದಿದಷ್ಟೇ ಸಮಾಧಾನ ಆಗಿಬಿಡುತ್ತೆ, ಪುಸ್ತಕ ಮಾತ್ರ ಬ್ಯಾಗಲ್ಲೇ ಇರುತ್ತೆ.

ಆರಿಸುವಾಗ ಮೊದಲು ನೋಡಬೇಕಾದ್ದು, ಆ ಮಾತಿನಲ್ಲಿ ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆಯಾ ಅಂತ. ಇಲ್ಲದಿದ್ದರೆ ಬಿಟ್ಟುಬಿಡಿ. ಆಮೇಲೆ, ಹೇಳಿದ್ದು ನಿಜವಾ ಅಂತ ನೋಡಿ. ‘21 ದಿನ ಮಾಡಿದರೆ ಅಭ್ಯಾಸ ಆಗುತ್ತೆ, ವಿಜ್ಞಾನವೇ ಹೇಳಿದೆ’ ಅಂದವರ ಹತ್ರ ಹುಷಾರು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್, ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳೋಕೆ ಕಮ್ಮಿ ಅಂದರೂ 21 ದಿನ ಬೇಕು ಅಂತ 1960ರಲ್ಲಿ ಬರೆದಿದ್ದರು, ಅದೇ ಬಾಯಿಂದ ಬಾಯಿಗೆ ಹೋಗಿ ಎಲ್ಲ ಅಭ್ಯಾಸಕ್ಕೂ ಅಂಟಿಕೊಂಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಸಿಕ್ಕಿದ್ದು ಸುಮಾರು 66 ದಿನ. ವ್ಯತ್ಯಾಸವೂ ದೊಡ್ಡದು, 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದರೂ ನಷ್ಟವಿಲ್ಲ ಅಂತಲೂ ಗೊತ್ತಾಯಿತು. ಇದನ್ನು ಯಾರೂ ಹೇಳದ್ದರಿಂದಲೇ 22ನೇ ದಿನ ‘ನನ್ನ ಕೈಲಿ ಆಗಲ್ಲ ಮೇಡಂ’ ಅಂತ ಅಳುತ್ತಾ ಬರುವ ಮಕ್ಕಳಿದ್ದಾರೆ. ಅವರನ್ನು ನೋಡಿದಾಗ ಈ ಭಾಷಣಕಾರರ ಮೇಲೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಕೊನೆಗೆ 99 ರೂಪಾಯಿ ವೆಬಿನಾರ್‌ಗೆ ಕರೆದು, ಅಲ್ಲಿ ಸಾವಿರಾರು ರೂಪಾಯಿಯ ಕೋರ್ಸ್ ಮಾರುವವರನ್ನಂತೂ ಕೇಳಲೇಬೇಡಿ.

ನಿಮಗೆ ಬೇಕಿರೋದು ಇಷ್ಟು. ‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿನ ಹತ್ರ ಕೂತು ಶೇಕಡಾವಾರು ಲೆಕ್ಕ ಹತ್ತು ಮಾಡ್ತೀನಿ’ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಯಾವಾಗ, ಎಲ್ಲಿ, ಏನು ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಕೆಲಸ ಆಗುವ ಸಾಧ್ಯತೆ ಜಾಸ್ತಿ ಅಂತ ಪೀಟರ್ ಗೋಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ. ಬಸ್ಸಲ್ಲಿ ಬೇಕಾದರೆ ಹಾಡು ಕೇಳಿ.

ಪ್ರಶ್ನೆ: ಮಲಗಿದಾಗ ಕಿವಿಗೆ ‘ನಾನು ಗೆಲ್ಲುತ್ತೇನೆ’ ಆಡಿಯೋ ಹಾಕಿಕೊಂಡರೆ ಸುಪ್ತ ಮನಸ್ಸು ಬದಲಾಗುತ್ತಾ?

ಉತ್ತರ: ಇಲ್ಲ. ನಿದ್ದೆ ಕೆಡುತ್ತೆ, ತೆಗೆದಿಡಿ.

ಪ್ರಶ್ನೆ: ಮಗನಿಗೆ ಖಿನ್ನತೆ ಅಂತ ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ಬಿಡಿಸಿ ಒಳ್ಳೆಯ ಮಾತು ಕೇಳಿಸಿದರೆ ಸಾಕು ಅಂತಾರೆ ಒಬ್ಬರು ಗುರುಗಳು. ಹೌದಾ? (ಮೂಡಿಗೆರೆಯ ತಾಯಿ)

ಉತ್ತರ: ಅಮ್ಮಾ, ಬೇಡ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಡಾಕ್ಟರಿಕೆ ಓದದೇ ಔಷಧ ಬಿಡಿಸುವವರು ಗುರುಗಳಲ್ಲ, ಅವರ ಮಾತು ನಂಬಿ ಹುಡುಗನ ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ. ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿನಲ್ಲಾದರೂ ಸಿಗುತ್ತಾರೆ. ಸಾಯುವ ಮಾತೇನಾದರೂ ಆಡಿದರೆ ಅವನನ್ನು ಒಬ್ಬನೇ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.