ಧಾರೆ ಕ್ಲಿಪ್ ಹಾಕಿದ ಕೂಡಲೇ ತಡವರಿಸುವ ಸಿಸ್ಟಂ

ಪ್ರಶ್ನೆ: ಮೇಡಂ, ನಮಸ್ಕಾರ. ದಾವಣಗೆರೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ ವಿಡಿಯೊ ಎಡಿಟಿಂಗ್ ನಾನೇ ಮಾಡೋದು. 2017ರಲ್ಲಿ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಸೆಂಬಲ್ ಮಾಡಿಸಿದ ಸಿಸ್ಟಂ: ಐ7-7700ಕೆ ಪ್ರೊಸೆಸರ್, ಜೆಡ್270 ಬೋರ್ಡ್, 16 ಜಿಬಿ ಡಿಡಿಆರ್4 ರಾಮ್, ಜಿಟಿಎಕ್ಸ್ 1070 ಗ್ರಾಫಿಕ್ಸ್ ಕಾರ್ಡ್. ಆಗ ನಮ್ಮ ಏರಿಯಾದಲ್ಲಿ ಇಂಥ ಸಿಸ್ಟಂ ಯಾರ ಹತ್ತಿರವೂ ಇರಲಿಲ್ಲ. ಈಚೆಗೆ ಕ್ಯಾನನ್ ಆರ್6 ಕ್ಯಾಮೆರಾ ತಗೊಂಡೆ. ಹಳೇ ಕ್ಯಾಮೆರಾದ ಕ್ಲಿಪ್ ಸಲೀಸಾಗಿ ಓಡುತ್ತವೆ. ಆರ್6ನಲ್ಲಿ ತೆಗೆದ ಧಾರೆ, ಆರತಕ್ಷತೆಯ ಕ್ಲಿಪ್ ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ಗೆ ಹಾಕಿದರೆ ಮಾತ್ರ ನಿಂತು ನಿಂತು ಓಡುತ್ತವೆ. ಒಂದು ಅಂಗಡಿಯವರು ಸೆಕೆಂಡ್‌ಹ್ಯಾಂಡ್ ಐ7-9700ಕೆ ಹಾಕಿ, ಅದೇ ಸಾಕೆಟ್ ಅಂದರು. ಇನ್ನೊಬ್ಬರು ಆರ್‌ಟಿಎಕ್ಸ್ 4060 ಹಾಕಿದರೆ ಸಾಕು ಅಂದರು. ಅಪ್‌ಗ್ರೇಡ್ ಮಾಡಲಾ, ಹೊಸದೇ ತಗೊಳ್ಳಲಾ?

ಉತ್ತರ: ಇಬ್ಬರ ಮಾತೂ ಬೇಡ. ದುಡ್ಡು ಹೋಗುತ್ತೆ, ಕ್ಲಿಪ್ ಹೀಗೇ ನಿಂತು ನಿಂತು ಓಡುತ್ತೆ.

ಮೊದಲು ಒಂದು ಕೆಲಸ ಮಾಡಿ. ಧಾರೆ ಕ್ಲಿಪ್ ಓಡಿಸುತ್ತಾ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ನೋಡಿ. ಸಿಪಿಯು, ಅಂದರೆ ಪ್ರೊಸೆಸರ್, 100ಕ್ಕೆ ಅಂಟಿಕೊಂಡಿರುತ್ತೆ. ಆಮೇಲೆ ಜಿಪಿಯು (ಗ್ರಾಫಿಕ್ಸ್) ಮೇಲೆ ಕ್ಲಿಕ್ ಮಾಡಿ, ‘ವಿಡಿಯೊ ಡಿಕೋಡ್’ (ಒತ್ತಿಟ್ಟ ವಿಡಿಯೊ ಬಿಡಿಸುವ ಕೆಲಸ) ಅನ್ನುವ ಗ್ರಾಫ್ ಹುಡುಕಿ. ಅದು ಸೊನ್ನೆಯಲ್ಲೇ ಮಲಗಿದ್ದರೆ ರೋಗ ಸಿಕ್ಕಿತು ಅಂತಲೇ ಲೆಕ್ಕ. ಹಳೇ ಕ್ಯಾಮೆರಾದ ಕ್ಲಿಪ್ ಹಾಕಿದಾಗ ಅದೇ ಗ್ರಾಫ್ ಏಳುತ್ತೆ, ಸಿಪಿಯು ತಣ್ಣಗಿರುತ್ತೆ.

ಕಾರಣ ಇದು. ಆರ್6ನಲ್ಲಿ ಕ್ಯಾನನ್ ಲಾಗ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ಮೋಡ್) ಆನ್ ಮಾಡಿದರೆ ಕ್ಲಿಪ್ ಎಚ್.265 ಅನ್ನುವ ಬಿಗಿಯಾಗಿ ಒತ್ತಿದ, 10 ಬಿಟ್, 4:2:2 ರೂಪದಲ್ಲಿ ದಾಖಲಾಗುತ್ತೆ. ಸಾಮಾನ್ಯ 4:2:0 ಕ್ಲಿಪ್‌ಗಿಂತ ಬಣ್ಣದ ವಿವರ ಇದರಲ್ಲಿ ಎರಡರಷ್ಟು. ರೇಷ್ಮೆ ಸೀರೆಯ ಕೆಂಪನ್ನು ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಎಳೆದಾಡಿದರೂ ಕೆಡುವುದಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಈ 4:2:2 ಬಿಡಿಸುವ ಸರ್ಕ್ಯೂಟ್ ನಿಮ್ಮ 7700ಕೆ ಒಳಗೂ ಇಲ್ಲ, 1070 ಒಳಗೂ ಇಲ್ಲ. ಹಾಗಾಗಿ ಪೂರ್ತಿ ಭಾರ ಪ್ರೊಸೆಸರ್‌ನ ನಾಲ್ಕು ಕೋರ್‌ಗಳ ತಲೆ ಮೇಲೆ. ಆರ್‌ಟಿಎಕ್ಸ್ 4060ರಲ್ಲೂ ಅದು ಇಲ್ಲ. 40 ಸೀರೀಸ್‌ನ ದುಬಾರಿ ಕಾರ್ಡ್‌ಗಳಲ್ಲೂ ಇಲ್ಲ. ಈ ಕಾರ್ಡ್‌ಗಳ ಕಂಪನಿ ಎನ್ವಿಡಿಯಾ ಇದನ್ನು ಕೊಟ್ಟಿದ್ದು 2025ರ 50 ಸೀರೀಸ್‌ನಲ್ಲಿ. ಇಂಟೆಲ್‌ನವರು ಮಾತ್ರ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಮುಂಚಿನಿಂದ ಕೊಡುತ್ತಿದ್ದಾರೆ, 12ನೇ ಜನರೇಷನ್ ಮತ್ತು ಆಮೇಲಿನವುಗಳಲ್ಲಿ ಧೈರ್ಯವಾಗಿ ನಂಬಬಹುದು.

ಇನ್ನು 9700ಕೆ. ಸಾಕೆಟ್ ಹೆಸರು ಒಂದೇ, ಎಲ್‌ಜಿಎ 1151. ಕೂರಿಸಿದರೆ ಕೂರುತ್ತೆ ಕೂಡ. ಆದರೆ ನಿಮ್ಮ ಜೆಡ್270 ಬೋರ್ಡ್ ಒಪ್ಪೋದು 6 ಮತ್ತು 7ನೇ ಜನರೇಷನ್ ಪ್ರೊಸೆಸರ್ ಮಾತ್ರ. 9700ಕೆ 9ನೇ ಜನರೇಷನ್; 8, 9ಕ್ಕೆ 300 ಸೀರೀಸ್ ಬೋರ್ಡ್ ಬೇಕು. ಅಂದರೆ ನಿಮ್ಮ ಬೋರ್ಡ್‌ಗೆ 7700ಕೆಗಿಂತ ಮೇಲೆ ದಾರಿಯೇ ಇಲ್ಲ. ಸೆಕೆಂಡ್‌ಹ್ಯಾಂಡ್ ಮಾಲು ವಾಪಸ್ ತಗೊಳ್ಳುವ ಅಂಗಡಿ ಎಷ್ಟಿವೆ ಹೇಳಿ?

ಈ ಸೀಸನ್ ಮುಗಿಯುವವರೆಗೆ ಒಂದು ಪೈಸೆ ಖರ್ಚಿಲ್ಲದೆ ನಡೆಸಬಹುದು. ಪ್ರೀಮಿಯರ್‌ನಲ್ಲಿ ಕ್ಲಿಪ್‌ಗಳನ್ನೆಲ್ಲ ಆರಿಸಿ, ರೈಟ್ ಕ್ಲಿಕ್ ಮಾಡಿ, ಪ್ರಾಕ್ಸಿ (ಎಡಿಟಿಂಗ್‌ಗಷ್ಟೇ ಬಳಸುವ ನಕಲು) ತಯಾರಿಸಲು ಹಚ್ಚಿ ಮಲಗಿ. ಬೆಳಿಗ್ಗೆ ಹಗುರವಾದ ಪ್ರಾಕ್ಸಿಗಳ ಮೇಲೆ ಕತ್ತರಿ ಆಡಿಸಿ. ಎಕ್ಸ್‌ಪೋರ್ಟ್ ಮಾಡುವಾಗ ಪ್ರೀಮಿಯರ್ ತಾನಾಗಿ ಒರಿಜಿನಲ್ ಕ್ಲಿಪ್ ತಗೊಳ್ಳುತ್ತೆ. ಇನ್ನೊಂದು ಮಾತು: ಊಟದ ಪಂಕ್ತಿ, ನೆಂಟರ ಸಾಲು, ಸ್ಟೇಜ್ ಮೇಲಿನ ಗ್ರೂಪ್ ಇದಕ್ಕೆಲ್ಲ ಲಾಗ್ ಯಾಕೆ? ಆಫ್ ಮಾಡಿದರೆ ಅದೇ ಕ್ಯಾಮೆರಾ 8 ಬಿಟ್ ಎಚ್.264 ಕೊಡುತ್ತೆ, ನಿಮ್ಮ ಹಳೇ ಕಾರ್ಡ್ ಆರಾಮಾಗಿ ಬಿಡಿಸುತ್ತೆ. ಎಲ್ಲಾ ಮದುವೆಯನ್ನೂ ಸಿನಿಮಾ ಥರ ಗ್ರೇಡ್ ಮಾಡುವ ಚಟ ಈಗ ಜಾಸ್ತಿಯಾಗಿದೆ, ಅಲ್ವಾ?

ಹಾಗಂತ ಈ ಸಿಸ್ಟಂ ಇನ್ನೂ ಐದು ವರ್ಷ ಎಳೆಯಿರಿ ಅಂತ ಹೇಳುತ್ತಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ 7700ಕೆ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಗಿರಾಕಿಗಳ ಮದುವೆ ಫುಟೇಜ್ ಇರುವ ಸಿಸ್ಟಂಗೆ ನಾನಂತೂ ಹಾಕಿಸುವುದಿಲ್ಲ.

ದುಡ್ಡು ಕೈಗೆ ಬಂದಾಗ ಪ್ರೊಸೆಸರ್ ಮತ್ತು ಬೋರ್ಡ್ ಎರಡನ್ನೇ ಬದಲಿಸಿ. ಡಿಡಿಆರ್4 ಹಾಕಬಹುದಾದ ಬಿ760 ಬೋರ್ಡ್, ಐ5-14600ಕೆ. ನಿಮ್ಮ ರಾಮ್, ಕ್ಯಾಬಿನೆಟ್, ಕಾರ್ಡ್, ಡಿಸ್ಕ್ ಎಲ್ಲ ಹಾಗೇ ಉಳಿಯುತ್ತವೆ. ಎಐ ಡೇಟಾ ಸೆಂಟರ್‌ಗಳ ದೆಸೆಯಿಂದ 2025ರ ಕೊನೆಯಿಂದ ರಾಮ್ ಬೆಲೆ ಗಗನಕ್ಕೇರಿದೆ. ಇರುವ 16 ಜಿಬಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟೀರಿ, ಜೋಪಾನ! ಬಿಲ್ ಮಾಡಿಸುವಾಗ ಪ್ರೊಸೆಸರ್ ಡಬ್ಬಿ ಕೈಗೆ ತಗೊಂಡು ಹೆಸರಿನ ಕೊನೆ ಅಕ್ಷರ ನೋಡಿ. ‘ಕೆಎಫ್’ ಅಂತ ಇದ್ದರೆ ವಾಪಸ್ ಕೊಡಿ. ಸ್ವಲ್ಪ ಅಗ್ಗ ಇರುತ್ತೆ, ಆದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ನಿಮಗೆ ಬೇಕಾಗಿರೋದೇ ಅದು. ಕಾರ್ಡ್ ಹಾಕಿದಾಗ ಎಷ್ಟೋ ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡಿಬಿಡುತ್ತವೆ. ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್) ಆನ್ ಮಾಡಿಸಿಕೊಂಡೇ ಅಂಗಡಿ ಬಿಡಿ. ಬಯಾಸನ್ನೂ ಹೊಸದಕ್ಕೆ ಅಪ್‌ಡೇಟ್ ಮಾಡಿಸಿ. 13, 14ನೇ ಜನರೇಷನ್‌ನ ಕೆಲವು ಚಿಪ್‌ಗಳು ವೋಲ್ಟೇಜ್ ತೊಂದರೆಯಿಂದ ಕೆಡುತ್ತಿದ್ದವು. 2024ರಲ್ಲಿ ಇಂಟೆಲ್ ಪರಿಹಾರ ಕೊಟ್ಟಿದ್ದು ಬಯಾಸ್ ಮೂಲಕವೇ. ಹಳೇ ಕೂಲರ್ ಹಾಕುವುದಾದರೆ ಹೊಸ ಸಾಕೆಟ್‌ನ ಬ್ರಾಕೆಟ್ ಬೇಕು. ಎಸ್‌ಎಂಪಿಎಸ್‌ಗೆ (ಪವರ್ ಸಪ್ಲೈ) ವಯಸ್ಸಾಗಿದೆ, ಅದನ್ನೂ ಬದಲಿಸಿದರೆ ನೆಮ್ಮದಿ.

50 ಸೀರೀಸ್ ಕಾರ್ಡ್ ಒಂದನ್ನೇ ಹಾಕಿದರೆ ಆಗಲ್ವಾ? ಆಗುತ್ತೆ, ಪ್ರೀಮಿಯರ್ ಹೊಸ ಆವೃತ್ತಿ ಇದ್ದರೆ ಕ್ಲಿಪ್ ಓಡುತ್ತವೆ. ಆದರೆ ನಾಲ್ಕು ಕೋರ್ ಹಾಗೇ ಇರುತ್ತವೆ, ವಿಂಡೋಸ್ ತಾಪತ್ರಯವೂ ಹಾಗೇ ಇರುತ್ತೆ. ನನ್ನ ಓಟು ಬೋರ್ಡ್‌ಗೆ.

ಪ್ರಶ್ನೆ: ಮಗಳು ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. 12 ಕೋರ್ ಜಿಯಾನ್ ಪ್ರೊಸೆಸರ್ ಇರುವ ಎಚ್‌ಪಿ ಜೆಡ್440 ವರ್ಕ್‌ಸ್ಟೇಷನ್ ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಡಿಸಬಹುದಾ?
(ಒಬ್ಬ ತಂದೆ, ಹಾಸನ)

ಉತ್ತರ: ಬೇಡ ಸರ್. ಕಟ್ಟಡದ 3ಡಿ ಸಾಫ್ಟ್‌ವೇರ್ ಸ್ಕೆಚ್‌ಅಪ್‌ನಲ್ಲಿ ಮಾಡೆಲ್ ಮಾಡುವಾಗ ಮುಖ್ಯವಾಗಿ ಒಂದು ಕೋರ್ ಎಷ್ಟು ಚುರುಕು ಅನ್ನೋದೇ ಲೆಕ್ಕಕ್ಕೆ ಬರೋದು, ಉಳಿದ ಹನ್ನೊಂದು ಸುಮ್ನೆ ಕೂತಿರುತ್ತವೆ. ರೆಂಡರ್‌ಗೆ (ಮಾಡೆಲನ್ನು ಚಿತ್ರವಾಗಿಸಲು) ಮಾತ್ರ ಅವು ಉಪಯೋಗ. ವಿಂಡೋಸ್ 11 ಪಟ್ಟಿಯಲ್ಲಿ ಇದೂ ಇಲ್ಲ. ಮೇಲಾಗಿ ಅದರ ಪವರ್ ಸಪ್ಲೈ ಕನೆಕ್ಟರ್ ಕಂಪನಿಯದೇ ಬೇರೆ ಅಳತೆ. ಕೆಟ್ಟರೆ ಊರಿನ ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ನೇರವಾಗಿ ಕೂರಲ್ಲ.